ಒಂದು ಎಲೆ ಹೆಚ್ಚಿಗೆ ಹಾಕಿ

ನಮ್ಮ ಅಜ್ಜಿಗೆ ಒಂದು ರೂಢಿಯಿತ್ತು. ಮಧ್ಯಾಹ್ನದ ಊಟಕ್ಕೆ ಎಷ್ಟು ಮಂದಿ ಕೂರುತ್ತಾರೆಂದು ಎಣಿಸಿ, ಅದಕ್ಕೆ ಒಂದು ಬಾಳೆಲೆ ಸೇರಿಸಿ ತೊಳೆದಿಡುತ್ತಿದ್ದಳು. “ಇದು ಯಾರಿಗಜ್ಜಿ?” ಎಂದರೆ “ಬರೋರಿಗೆ” ಎನ್ನುತ್ತಿದ್ದಳು. ಬರುವವರು ಯಾರೆಂದು ಅವಳಿಗೂ ಗೊತ್ತಿರುತ್ತಿರಲಿಲ್ಲ. ಕೆಲವು ದಿನ ಯಾರೂ ಬರದೆ ಎಲೆ ಬಾಡಿ, ಸಂಜೆ ಹಸುವಿನ ಬಾಯಿಗೆ ಹೋಗುತ್ತಿತ್ತು. ಮರುದಿನ ಮತ್ತೆ ಒಂದು ಎಲೆ ಹೆಚ್ಚು.

ನಮ್ಮಪ್ಪ ವಾರಾನ್ನ ಉಂಡು ಓದಿದವರು. ಹಳ್ಳಿಯಿಂದ ಪೇಟೆಗೆ ಬಂದ ಬಡ ಹುಡುಗ ವಾರಕ್ಕೊಂದು ದಿನದಂತೆ ಏಳು ಮನೆ ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಶಾಲೆಗೆ ಹೋಗುವ ಪದ್ಧತಿ ಅದು. ಅಪ್ಪ ಎಪ್ಪತ್ತು ದಾಟಿದ ಮೇಲೂ ಆ ಮನೆಗಳನ್ನು ವಾರದ ಹೆಸರಿನಿಂದಲೇ ಕರೆಯುತ್ತಿದ್ದರು. ಸೋಮವಾರದವರ ಮನೆಯ ತಿಳಿಸಾರು, ಬುಧವಾರದವರ ಮನೆಯ ಗೊಜ್ಜು, ಗುರುವಾರದ ಅಮ್ಮ ಎರಡನೆಯ ಸಲ ಅನ್ನ ಬಡಿಸುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದುದು, ಹುಡುಗನಿಗೆ ನಾಚಿಕೆಯಾಗದಿರಲಿ ಎಂದು. ಆದರೆ ಅವರಿಗೆ ಸಿಕ್ಕಿದ್ದು ಆರೇ ಮನೆ. ಶನಿವಾರಕ್ಕೆ ಮನೆ ಸಿಕ್ಕಿರಲಿಲ್ಲ. “ಶನಿವಾರ ಏನು ಮಾಡ್ತಿದ್ರಿ ಅಪ್ಪಾ?” ಎಂದು ಕೇಳಿದಾಗಲೆಲ್ಲ “ಓದ್ತಿದ್ದೆ” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು.

ಈ ಎಲೆ, ಈ ಶನಿವಾರ ಎರಡೂ ನನಗೆ ಒಟ್ಟಿಗೇ ನೆನಪಾದದ್ದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. ಮಗಳ ಮನೆಗೆಂದು ಹೋಗಿದ್ದೆ. ಸಂಜೆ ಕಾಲಾಡಿಸಲು ಹೋಗುತ್ತಿದ್ದ ದಾರಿಯಲ್ಲಿ ಮರ್ಫಿ ಸ್ಕ್ವೇರ್ ಎಂಬ ಹಳೆಯ ಉದ್ಯಾನವಿದೆ. 1857ರದು, ಆ ನಗರದ ಮೊಟ್ಟಮೊದಲ ಉದ್ಯಾನ. ಅದರ ಸುತ್ತ ಕಟ್ಟಿಕೊಂಡಿರುವುದು ಆಗ್ಸ್‌ಬರ್ಗ್ ವಿಶ್ವವಿದ್ಯಾಲಯ. ನಾರ್ವೆಯಿಂದ ವಲಸೆ ಬಂದ ಲೂಥರನ್ ಕ್ರೈಸ್ತರು 1869ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಾರ್ಷಲ್ ಎಂಬ ಊರಿನಲ್ಲಿ ಶುರುಮಾಡಿ, 1872ರಲ್ಲಿ ಇಲ್ಲಿಗೆ ತಂದ ಶಾಲೆ ಅದು. ಹೆಸರು ಮಾತ್ರ ಜರ್ಮನಿಯ ಊರಿನದು. 1530ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ, ಚಕ್ರವರ್ತಿಯ ಎದುರು, ಲೂಥರನ್ನರು ತಮ್ಮ ನಂಬಿಕೆ ಇಂಥದ್ದು ಎಂದು ಬರೆದು ಓದಿದರಲ್ಲ, ಆ ನೆನಪಿಗೆ ಇಟ್ಟ ಹೆಸರು.

ವಿದ್ಯಾರ್ಥಿಗಳು ಬಿಡುವಿನಲ್ಲಿ ಆ ಉದ್ಯಾನದ ಹುಲ್ಲಿನ ಮೇಲೆ ಕೂತಿರುತ್ತಾರೆ. ಒಬ್ಬಳು ತಲೆವಸ್ತ್ರ ಸುತ್ತಿದ ಸೊಮಾಲಿ ಹುಡುಗಿ, ಒಬ್ಬ ಗಾಲಿಕುರ್ಚಿಯ ಹುಡುಗ, ಒಬ್ಬಳು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪುಸ್ತಕ ತಿರುವುತ್ತಿರುವ ತಾಯಿ. ಸ್ವಲ್ಪ ದೂರದಲ್ಲಿ ಸೊಮಾಲಿಯಾದಿಂದ ಬಂದ ಕುಟುಂಬಗಳು ತುಂಬಿರುವ ರಿವರ್‌ಸೈಡ್ ಪ್ಲಾಜಾದ ಗೋಪುರಗಳು ಕಾಣುತ್ತವೆ. ನಾನು ಕಾಲೇಜಿನಲ್ಲಿ ಪಾಠ ಹೇಳಿದವಳು, ಹನ್ನೆರಡು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ವಿದ್ಯಾರ್ಥಿಗಳನ್ನು ಕಂಡರೆ ನನ್ನ ಕಣ್ಣು ಮೊದಲು ಅವರ ಮುಖಕ್ಕೆ ಹೋಗುತ್ತದೆ: ಈ ಮಗು ಉಂಡಿದೆಯೋ ಇಲ್ಲವೋ?

ಅಮೆರಿಕದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಮೊದಲು ಎದುರಾಗುವುದು ನಿಯಮಗಳ ಹೊತ್ತಗೆ. ವಸತಿಗೃಹದಲ್ಲಿ ಸದ್ದು ಮಾಡಬಾರದ ಹೊತ್ತು ಯಾವುದು, ಅತಿಥಿ ಎಷ್ಟು ದಿನ ಉಳಿಯಬಹುದು, ನಕಲು ಮಾಡಿದರೆ ಏನು, ಕಾಯಿಲೆಯಾಗಿ ಪರೀಕ್ಷೆ ತಪ್ಪಿದರೆ ಯಾರ ಬಳಿ ಹೋಗಬೇಕು, ಲೈಂಗಿಕ ಕಿರುಕುಳವಾದರೆ ದೂರು ಯಾರು ಕೇಳುತ್ತಾರೆ, ಕಣ್ಣು ಕಾಣದವರಿಗೆ ಪಠ್ಯ ಹೇಗೆ ಸಿಗುತ್ತದೆ, ಮಧ್ಯದಲ್ಲೇ ಓದು ಬಿಟ್ಟರೆ ಶುಲ್ಕ ಎಷ್ಟು ವಾಪಸು. ಓದುತ್ತ ಹೋದರೆ ಮುಗಿಯುವುದೇ ಇಲ್ಲ. “ಇಷ್ಟೊಂದು ಕಾನೂನು ಯಾಕಮ್ಮ? ಮನುಷ್ಯ ಮನುಷ್ಯನನ್ನು ನೋಡಿಕೊಂಡರೆ ಸಾಲದೇ?” ಎಂದು ಮಗಳನ್ನು ಕೇಳಿದೆ. ಅವಳು ಉತ್ತರ ಹೇಳಲಿಲ್ಲ. ಉತ್ತರ ಹುಡುಕಿಕೊಂಡು ನಾನೇ ಐನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಸಮಯವಿದ್ದರೆ ನೀವೂ ಬನ್ನಿ.

ಲೂಥರನ್ ಎಂಬ ಹೆಸರಿಗೆ ಮೂಲನಾದ ಮಾರ್ಟಿನ್ ಲೂಥರ್ ಕೂಡ ಒಂದು ಲೆಕ್ಕಕ್ಕೆ ವಾರಾನ್ನದ ಹುಡುಗನೇ. ತಾಮ್ರ ಕರಗಿಸುವವನ ಮಗ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮಗ್ಡೆಬುರ್ಗ್, ಐಸೆನಾಖ್ ಊರುಗಳಲ್ಲಿ ಓದುವಾಗ, ಆ ಕಾಲದ ಇತರ ಶಾಲಾ ಹುಡುಗರಂತೆ ಮನೆಮನೆಯ ಬಾಗಿಲಲ್ಲಿ ನಿಂತು ಹಾಡಿ ರೊಟ್ಟಿ ಬೇಡಿದವನು. ಐಸೆನಾಖ್‌ನ ಒಂದು ಸ್ಥಿತಿವಂತ ಕುಟುಂಬ ಅವನನ್ನು ಊಟಕ್ಕೆ ಕರೆದುಕೊಂಡಿತು. ಮುಂದೆ ಯುರೋಪಿಗೆಲ್ಲ ಹೆಸರಾದ ಮೇಲೂ ಆತ ಇದನ್ನು ಮುಚ್ಚಿಡಲಿಲ್ಲ. ಮಕ್ಕಳನ್ನು ಶಾಲೆ ಬಿಡಿಸಬೇಡಿ ಎಂದು 1530ರಲ್ಲಿ ಬರೆದ ಹೊತ್ತಗೆಯಲ್ಲಿ, ಬಾಗಿಲಲ್ಲಿ ಹಾಡುವ ಹುಡುಗರನ್ನು ಕೀಳಾಗಿ ಕಾಣಬೇಡಿ, ನಾನೂ ಅವರಲ್ಲೊಬ್ಬನಾಗಿದ್ದೆ ಎಂದು ತಾನಾಗಿ ಹೇಳಿಕೊಂಡ. ಅದನ್ನು ಓದಿದಾಗ ನನಗೆ ಅಪ್ಪನ ಗುರುವಾರದ ಅಮ್ಮ ಕಣ್ಣಿಗೆ ಬಂದಳು.

ಆತ ಪಾಠ ಹೇಳಿದ ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯ 1502ರಲ್ಲಿ ಹುಟ್ಟಿದ್ದು. ಲೂಥರನ್ ವಿಶ್ವವಿದ್ಯಾಲಯಗಳ ತವರುಮನೆ ಅದೇ. ಇತಿಹಾಸದ ಪುಸ್ತಕಗಳು ಆತ ತನ್ನ ವಾದಗಳನ್ನು ಅಂಟಿಸಿದನೆನ್ನುವ ಆ ಊರಿನ ಚರ್ಚಿನ ಬಾಗಿಲನ್ನು ಹೆಚ್ಚು ನೆನೆಯುತ್ತವೆ. ನನಗೆ ಅಡುಗೆಮನೆಯ ಬಾಗಿಲು ಹೆಚ್ಚು ಹತ್ತಿರ. ಕ್ಯಾಥರೀನಾ ಫೋನ್ ಬೋರಾ ಎಂಬ ಸನ್ಯಾಸಿನಿ 1523ರಲ್ಲಿ ಮಠ ಬಿಟ್ಟು ಬಂದು, 1525ರಲ್ಲಿ ಲೂಥರನನ್ನು ಮದುವೆಯಾದಳು. ಗಂಡ ಕರೆಯುತ್ತಿದ್ದ ಹೆಸರು ಕೇಟೆ. ಖಾಲಿಬಿದ್ದಿದ್ದ ಸನ್ಯಾಸಿಗಳ ಮಠವೇ ಅವರ ಮನೆ. ಆ ದೊಡ್ಡ ಮನೆಯನ್ನು ಆಕೆ ವಿದ್ಯಾರ್ಥಿಗಳ ವಸತಿಗೃಹ ಮಾಡಿಬಿಟ್ಟಳು. ಬೆಳಕು ಹರಿಯುವ ಮೊದಲೇ ಏಳುವುದು, ಹಂದಿ ಹಸು ನೋಡುವುದು, ಬಿಯರ್ ತಯಾರಿಸುವುದು, ತೋಟದ ಕೆಲಸ, ದುಡ್ಡು ಕೊಡುವ ಹುಡುಗರ ಲೆಕ್ಕ, ಮನೆಯಲ್ಲಿ ತುಂಬಿಕೊಂಡ ನೆಂಟರು, ಅನಾಥ ಮಕ್ಕಳು, ಊರು ಬಿಟ್ಟು ಓಡಿಬಂದವರು. ಮೂವತ್ತು ನಲವತ್ತು ಜನರ ಮನೆ. ಗಂಡನ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ; ಬೇಡಿದವರಿಗೆ ಕೊಟ್ಟುಬಿಡುವ ಜಾಯಮಾನ. ತೂಗಿಸಿಕೊಂಡು ಹೋದವಳು ಕೇಟೆ.

ಆ ಊಟದ ಮೇಜಿನ ಸುತ್ತ ನಡೆದ ಮಾತುಕತೆಯನ್ನು ವಿದ್ಯಾರ್ಥಿಗಳು 1531ರಿಂದ ಬರೆದಿಟ್ಟುಕೊಳ್ಳತೊಡಗಿದರು. 1566ರಲ್ಲಿ ಅದು ಅಚ್ಚಾಯಿತು. ‘ಮೇಜಿನ ಮಾತು’ ಎಂದೇ ಅದರ ಹೆಸರು. ದೇವರಿಂದ ಹಿಡಿದು ಹಲ್ಲುನೋವಿನವರೆಗೆ ಏನು ಬೇಕಾದರೂ ಅಲ್ಲಿ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹರಟೆ. ತರಗತಿಯ ಉಪನ್ಯಾಸ ಎಷ್ಟು ದೊಡ್ಡದೇ ಇರಲಿ, ಉಂಡು ಕೈತೊಳೆಯುವ ಮುಂಚಿನ ಅರ್ಧ ಗಂಟೆಯಲ್ಲಿ ಗುರುವಿನ ಬಾಯಿಂದ ಬಂದದ್ದು ಶಿಷ್ಯನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಹಾಸ್ಟೆಲಿನಲ್ಲಿ ಇದನ್ನು ನಾನು ನೂರು ಸಲ ಕಂಡಿದ್ದೇನೆ.

1527ರ ಬೇಸಿಗೆಯಲ್ಲಿ ವಿಟ್ಟೆನ್‌ಬರ್ಗ್‌ಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯ ಯೇನಾ ಊರಿಗೆ ಸ್ಥಳಾಂತರವಾಯಿತು. ಲೂಥರನಿಗೂ ಹೊರಡಲು ರಾಜಾಜ್ಞೆ ಬಂತು, ಆತ ಹೋಗಲಿಲ್ಲ. ಕೇಟೆ ಬಸುರಿ, ಒಂದು ಮಗು ಕೈಯಲ್ಲಿ, ಮನೆಯೇ ಆಸ್ಪತ್ರೆಯಾಯಿತು. ಪ್ಲೇಗಿಗೆ ಹೆದರಿ ಓಡಬಹುದೇ ಎಂದು ಬೇರೆ ಊರಿನ ಪಾದ್ರಿಗಳು ಕೇಳಿದ್ದರು. ಅದಕ್ಕೆ ಆತ ಬರೆದ ಉತ್ತರದಲ್ಲಿ ವೀರಾವೇಶವಿಲ್ಲ. ಓಡುವುದು ಪಾಪವಲ್ಲ, ಜೀವ ಉಳಿಸಿಕೊಳ್ಳುವುದು ಸಹಜ. ಆದರೆ ನೀನು ಹೋದರೆ ನಿನ್ನ ಪಕ್ಕದವನನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂದು ಮೊದಲು ನೋಡು. ಪಾದ್ರಿ, ಅಧಿಕಾರಿ, ಆಳು, ಒಡೆಯ, ಇವರು ಒಬ್ಬರಿಗೊಬ್ಬರು ಕಟ್ಟುಬಿದ್ದವರು. ಬದಲಿ ವ್ಯವಸ್ಥೆ ಮಾಡದೆ ಹೋಗಬಾರದು. ಉಳಿದವನು ಔಷಧ ತೆಗೆದುಕೊಳ್ಳಲಿ, ಮನೆಗೆ ಹೊಗೆ ಹಾಕಲಿ, ಬೇಕಿಲ್ಲದ ಕಡೆ ತಿರುಗಿ ರೋಗ ಹಂಚದಿರಲಿ. ಕೋವಿಡ್ ದಿನಗಳಲ್ಲಿ ಎಲ್ಲ ಕಾಲೇಜುಗಳೂ ಹೊರಡಿಸಿದ ಸುತ್ತೋಲೆಗಳನ್ನು ನೆನಪಿಸಿಕೊಳ್ಳಿ. ಅವೆಲ್ಲದರ ತಿರುಳು ಈ ಹಳೆಯ ಉತ್ತರದಲ್ಲಿ ಇದೆ.

ಇಷ್ಟರವರೆಗೆ ನೋಡಿದ್ದು ಮಮತೆಯ ಕಥೆ. ಹಾಗಾದರೆ ನಿಯಮ ಎಲ್ಲಿಂದ ಬಂತು?

ಅದೂ ಆ ಊರಿನಿಂದಲೇ. 1522ರಲ್ಲಿ ವಿಟ್ಟೆನ್‌ಬರ್ಗ್ ನಗರಸಭೆ ಒಂದು ಕಟ್ಟಳೆ ಮಾಡಿತು. ಊರಲ್ಲಿ ಇನ್ನು ಯಾರೂ ಭಿಕ್ಷೆ ಬೇಡಕೂಡದು, ಸನ್ಯಾಸಿಯೂ ಇಲ್ಲ, ವಿದ್ಯಾರ್ಥಿಯೂ ಇಲ್ಲ. ಅದರ ಬದಲು ಊರಿಗೆಲ್ಲ ಒಂದು ಸಾರ್ವಜನಿಕ ಹಣದ ಪೆಟ್ಟಿಗೆ. ಅದರಿಂದ ಬಡ ಕುಶಲಕರ್ಮಿಗೆ ಸಾಲ, ಬಡ ಹೆಣ್ಣುಮಗಳ ಮದುವೆಗೆ ಸಹಾಯ, ಬಡವರ ಮಕ್ಕಳ ಓದಿಗೆ ನೆರವು. ಬಾಗಿಲಲ್ಲಿ ಹಾಡಿ ಉಂಡ ಹುಡುಗನ ಊರಿನಲ್ಲಿಯೇ ಬಾಗಿಲಲ್ಲಿ ಹಾಡುವುದು ನಿಂತಿತು. ಹಾಡಿಗೆ ಮನಸ್ಸು ಕರಗಿದರೆ ರೊಟ್ಟಿ, ಕರಗದಿದ್ದರೆ ಇಲ್ಲ ಎನ್ನುವ ಸ್ಥಿತಿ ಹೋಗಿ, ನೆರವಿಗೆ ಒಂದು ಕಟ್ಟಳೆ ಬಂತು. ಎರಡು ವರ್ಷದ ಮೇಲೆ ಲೂಥರ್ ಜರ್ಮನಿಯ ಎಲ್ಲ ನಗರಸಭೆಗಳಿಗೂ ಪತ್ರ ಬರೆದು, ಶಾಲೆ ಕಟ್ಟಿ, ಹೆಣ್ಣುಮಕ್ಕಳಿಗೂ ಕಟ್ಟಿ ಎಂದ. ದೇವರ ಎದುರು ಮನುಷ್ಯನಿಗೆ ದಕ್ಕುವುದು ಕೃಪೆಯಿಂದ ಎಂದು ಜೀವಮಾನವಿಡೀ ವಾದಿಸಿದವನು ಆತ. ಆದರೆ ನೆರೆಯವನ ಊಟವನ್ನು ಮಾತ್ರ ಇನ್ನೊಬ್ಬ ಮನುಷ್ಯನ ಕೃಪೆಗೆ ಬಿಡಲು ಒಪ್ಪಲಿಲ್ಲ. ನನಗೆ ಇಲ್ಲಿ ಆತನ ಮೇಲೆ ಗೌರವ ಹುಟ್ಟುತ್ತದೆ.

ಇದೇ ದಾರಿ ಮುಂದುವರಿಯಿತು. 1536ರಲ್ಲಿ ವುರ್ಟೆಂಬರ್ಗ್‌ನ ದೊರೆ ಉಲ್ರಿಚ್ ಟ್ಯೂಬಿಂಗೆನ್‌ನಲ್ಲಿ ‘ಶ್ಟಿಫ್ಟ್’ ಎಂಬ ಉಚಿತ ವಸತಿನಿಲಯ ತೆರೆದ. ನಮ್ಮ ಕಡೆಯ ಪ್ರಸಾದನಿಲಯದ ಹಾಗೆ: ಊಟ, ವಸತಿ, ಓದು ಎಲ್ಲ ಸಂಸ್ಥೆಯದು, ಓದಿ ಮುಗಿಸಿದ ಹುಡುಗ ನಾಡಿನ ಚರ್ಚಿನ, ಶಾಲೆಯ ಸೇವೆಗೆ. ಗ್ರಹಗಳ ಪಥ ಕಂಡುಹಿಡಿದ ಕೆಪ್ಲರ್ ಆ ಅನ್ನ ಉಂಡವನು. ತತ್ವಜ್ಞಾನಿ ಹೆಗೆಲ್, ಕವಿ ಹೋಲ್ಡರ್‌ಲಿನ್ ಇಬ್ಬರೂ ಅಲ್ಲಿ ಒಂದೇ ಸೂರಿನಡಿ ಇದ್ದವರು. ಆ ಟ್ಯೂಬಿಂಗೆನ್‌ನಲ್ಲಿಯೇ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚುಹಾಕಿಸಿದ್ದಕ್ಕೆ ಅದೇ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ನಿಘಂಟಿನ ಕಿಟ್ಟೆಲ್ ಅವರಿಗೂ 1896ರಲ್ಲಿ ಅಲ್ಲಿಂದಲೇ ಆ ಗೌರವ ಬಂತು. ನಿಘಂಟು ತೆರೆದಾಗಲೆಲ್ಲ ನನಗೆ ಅನ್ನಿಸುವುದುಂಟು: ಎಲ್ಲೋ ಯಾರೋ ಸುಮಾರು ಐದು ಶತಮಾನದ ಹಿಂದೆ ಹಾಕಿದ ಎಲೆಯ ಊಟ ನಮ್ಮ ಭಾಷೆಯ ತನಕ ಬಂದಿದೆ.

ಜರ್ಮನಿಯದೇ ಆದ ಹಾಲೆ ಊರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಆಗಸ್ಟ್ ಹರ್ಮನ್ ಫ್ರಾಂಕೆ ಎಂಬ ಪಾದ್ರಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1695ರಲ್ಲಿ ತನ್ನ ಮನೆಯ ಬಡವರ ಹುಂಡಿಯಲ್ಲಿ ನಾಲ್ಕು ಥೇಲರ್ ಹದಿನಾರು ಗ್ರೋಶೆನ್ ನಾಣ್ಯ ಕಂಡು, ಇದು ಒಳ್ಳೆಯ ಬಂಡವಾಳ ಎಂದುಕೊಂಡು ಬಡ ಮಕ್ಕಳ ಶಾಲೆ ತೆರೆದ. ಆತ 1727ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಲ್ಲಿ 2,000ಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಕಲಿಸುವವರು ಯಾರು? ವಿಶ್ವವಿದ್ಯಾಲಯದ ಬಡ ವಿದ್ಯಾರ್ಥಿಗಳು. ಅವರಿಗೆ ಅಲ್ಲಿನ ಊಟದ ಮನೆಯಲ್ಲಿ ಉಚಿತ ಮೇಜು. ಅದಕ್ಕೆ ಬದಲಾಗಿ ದಿನಕ್ಕೆ ಕೆಲವು ಗಂಟೆ ಪಾಠ. ಉಂಡವನು ತಲೆ ತಗ್ಗಿಸಬೇಕಿಲ್ಲ, ಅವನೂ ಗುರು. ಅಪ್ಪನ ಕಾಲದಲ್ಲಿ ಇಂಥದ್ದು ಇದ್ದಿದ್ದರೆ ಗುರುವಾರದ ಅಮ್ಮ ಮುಖ ತಿರುಗಿಸಬೇಕಾಗುತ್ತಿರಲಿಲ್ಲ. ಹಾಲೆಯಲ್ಲಿ ಓದಿದ ಝೀಗನ್‌ಬಾಲ್ಗ್ 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ಶಾಲೆ ತೆರೆದದ್ದೂ ಇದೇ ಹಾದಿಯ ಮುಂದುವರಿಕೆ.

ಇಲ್ಲಿ ನಿಂತು ಒಂದು ಕಹಿ ಮಾತನ್ನೂ ಆಡಬೇಕು. ನಮ್ಮಲ್ಲಿ ಪಂಕ್ತಿಭೇದ ಎಂಬ ಮಾತಿದೆ. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆಯಾಗಿ ಬಡಿಸುವುದು. ಅದಕ್ಕಿಂತ ದೊಡ್ಡ ಭೇದ, ಸಾಲಿನಲ್ಲಿ ಕೂರಲಿಕ್ಕೇ ಬಿಡದಿರುವುದು. ಅಪ್ಪನಿಗೆ ಆರು ಮನೆ ಸಿಕ್ಕಿದ್ದು ಅವರ ಬಡತನ ನೋಡಿ ಮಾತ್ರ ಅಲ್ಲ, ಜಾತಿ ನೋಡಿ ಕೂಡ. ಅವರಷ್ಟೇ ಬಡವನಾದ, ಅವರಷ್ಟೇ ಚುರುಕಾದ ದಲಿತ ಹುಡುಗನಿಗೆ ಆ ಪೇಟೆಯಲ್ಲಿ ವಾರಕ್ಕೆ ಒಂದು ಮನೆಯೂ ಇರಲಿಲ್ಲ. ಅವನಿಗೆ ಏಳು ದಿನವೂ ಶನಿವಾರ. ನಮ್ಮ ಅಜ್ಜಿಯ ಹೆಚ್ಚಿನ ಎಲೆಯೂ ‘ಬರೋರಿಗೆ’ ಎನ್ನುವಾಗ ಯಾರು ಬರಬಹುದು, ಯಾರು ಬರಲಾರರು ಎಂಬುದನ್ನು ಮನೆಯ ಹೊಸ್ತಿಲು ಮೊದಲೇ ತೀರ್ಮಾನಿಸಿತ್ತು. ಅವಳ ಮನಸ್ಸು ದೊಡ್ಡದಿತ್ತು. ಅವಳ ಪಂಕ್ತಿ ಚಿಕ್ಕದಿತ್ತು.

ಕೇಟೆಯ ಮೇಜಿಗೂ ಹೊಸ್ತಿಲಿತ್ತು. ನೂರಾರು ವಿದ್ಯಾರ್ಥಿಗಳಿಗೆ ಬಡಿಸಿದ ಆಕೆ ಸ್ವತಃ ವಿದ್ಯಾರ್ಥಿನಿಯಾಗುವಂತಿರಲಿಲ್ಲ. ಲೂಥರ್ 1543ರಲ್ಲಿ ಯೆಹೂದ್ಯರ ಬಗ್ಗೆ ಬರೆದದ್ದು ಓದಲಾರದಷ್ಟು ಕ್ರೂರವಾಗಿದೆ. ಅಮೆರಿಕದ ದೊಡ್ಡ ಲೂಥರನ್ ಸಭೆ 1994ರಲ್ಲಿ ಅದನ್ನು ಬಹಿರಂಗವಾಗಿ ತಿರಸ್ಕರಿಸಿ ದುಃಖ ಹೇಳಿಕೊಂಡಿತು. ಹಾಗೆಂದು ಹೊಸ್ತಿಲನ್ನು ಯಾರೂ ದಾಟಲೇ ಇಲ್ಲವೆಂದಲ್ಲ. ಆಫ್ರಿಕಾದ ಇಂದಿನ ಘಾನಾ ಪ್ರದೇಶದಿಂದ ಮಗುವಾಗಿ ತರಲಾದ ಆಂಟನ್ ವಿಲ್‌ಹೆಲ್ಮ್ ಆಮೊ 1727ರಲ್ಲಿ ಹಾಲೆಯಲ್ಲಿ ವಿದ್ಯಾರ್ಥಿಯಾಗಿ, 1734ರಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ತತ್ವಶಾಸ್ತ್ರದ ಪ್ರಬಂಧ ಮಂಡಿಸಿದ. ಡೊರೊಥಿಯಾ ಎರ್ಕ್ಸ್‌ಲೆಬೆನ್ ಎಂಬಾಕೆ 1754ರಲ್ಲಿ ಹಾಲೆಯಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದಳು. ಜರ್ಮನಿಯಲ್ಲಿ ಹಾಗೆ ಪಡೆದ ಮೊದಲ ಹೆಣ್ಣು. ಆದರೆ ಆಮೊನ ಹಿಂದೆ ಒಬ್ಬ ಡ್ಯೂಕನ ಆಸರೆಯಿತ್ತು. ಎರ್ಕ್ಸ್‌ಲೆಬೆನ್‌ಳ ಕೈಯಲ್ಲಿ ದೊರೆಯ ವಿಶೇಷ ಅನುಮತಿ ಇತ್ತು. ದೊಡ್ಡವರೊಬ್ಬರು ಮನಸ್ಸು ಮಾಡಿ ಒಂದು ಎಲೆ ಹಾಕಿಸಿದರು. ಉಂಡಾದ ಮೇಲೆ ಎಲೆ ಎತ್ತಿದರು. ಪ್ರಷ್ಯಾದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆಲ್ಲ ನಿಯಮವಾಗಿಯೇ ಬಾಗಿಲು ತೆರೆಯಲು 1908 ಬರಬೇಕಾಯಿತು. ಆಗ್ಸ್‌ಬರ್ಗ್ ಕೂಡ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1921ರಲ್ಲಿ.

ಮಗಳನ್ನು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಸಿಕ್ಕಿತು. ಮಮತೆ ಕಣ್ಣಿಗೆ ಬಿದ್ದವರಿಗೆ ಬಡಿಸುತ್ತದೆ. ಕಣ್ಣಿಗೆ ಬೀಳದವರಿಗೆ, ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬಾರದವರಿಗೆ ಬಡಿಸಬೇಕಾದರೆ ನಿಯಮ ಬೇಕು. ನಿಯಮಗಳ ಹೊತ್ತಗೆಯಲ್ಲಿನ ಒಂದೊಂದು ಕಲಮಿನ ಹಿಂದೆಯೂ ಯಾವತ್ತೋ ಎಲೆ ಸಿಗದೆ ಎದ್ದುಹೋದ ಯಾರೋ ಒಬ್ಬರಿದ್ದಾರೆ. ಹೆಣ್ಣು ಗಂಡು ಭೇದ ಮಾಡಬಾರದೆಂಬ 1972ರ ಕಾನೂನು, ಅಂಗವಿಕಲರಿಗೆ ಬಾಗಿಲು ಮುಚ್ಚಬಾರದೆಂಬ 1973ರ, 1990ರ ಕಾನೂನುಗಳು ಅಮೆರಿಕದ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳ ನಿಯಮದ ಹೊತ್ತಗೆಯನ್ನೂ ದಪ್ಪ ಮಾಡಿವೆ. ದಪ್ಪವಾಗಲಿ. ಒಂದು ಪುಟ ಹೆಚ್ಚಾದರೆ ಒಂದು ಎಲೆ ಹೆಚ್ಚಾದಂತೆ.

ಇಷ್ಟು ತಿಳಿದ ಮೇಲೆ ಆಗ್ಸ್‌ಬರ್ಗ್ ನನಗೆ ಬೇರೆಯಾಗಿಯೇ ಕಂಡಿತು. ಕಟ್ಟಡದಿಂದ ಕಟ್ಟಡಕ್ಕೆ ಮೇಲುಸೇತುವೆ, ನೆಲದಡಿಯ ದಾರಿ. ಮಿನಿಯಾಪೊಲಿಸ್‌ನ ಹಿಮದಲ್ಲಿ ನಡೆಯಬಲ್ಲವರಿಗೆ ಅದು ಅನುಕೂಲ, ಗಾಲಿಕುರ್ಚಿಯವರಿಗೆ ಅದೇ ಕಾಲೇಜು. ಅಲ್ಲಿ 1997ರಿಂದ ‘ಸ್ಟೆಪ್‌ಅಪ್’ ಎಂಬ ಏರ್ಪಾಟಿದೆ. ಕುಡಿತ, ಮಾದಕ ವಸ್ತುವಿನ ಚಟದಿಂದ ಹೊರಬಂದ ಹುಡುಗ ಹುಡುಗಿಯರು ಅದರಲ್ಲಿ ಒಂದೇ ವಸತಿಗೃಹದಲ್ಲಿ ಒಟ್ಟಿಗಿದ್ದು, ಮತ್ತೆ ಮುಟ್ಟುವುದಿಲ್ಲವೆಂದು ಮಾತುಕೊಟ್ಟು, ಒಬ್ಬರನ್ನೊಬ್ಬರು ಆತುಕೊಂಡು ಓದು ಮುಗಿಸುತ್ತಾರೆ. ಚಟವಿದ್ದ ಹುಡುಗನನ್ನು ಹೊರಗೆ ಹಾಕುವ ನಿಯಮ ಬರೆಯುವುದು ಸುಲಭ. ವಾಪಸು ಕರೆತರುವ ನಿಯಮ ಬರೆಯುವುದು ಕಷ್ಟದ ಕೆಲಸ. ಅದಕ್ಕೆ ಊಟದ ಮನೆಯ ತಾಳ್ಮೆ ಬೇಕು.

ಅಲ್ಲಿ ಪ್ರಾರ್ಥನೆಯ ಹೊತ್ತು ಇದೆ, ಬರಲೇಬೇಕೆಂಬ ಬಲವಂತವಿಲ್ಲ. ವಿದ್ಯಾರ್ಥಿಗಳಲ್ಲಿ ಇವತ್ತು ಹೆಚ್ಚಿನವರು ಲೂಥರನ್ನರಲ್ಲ. ಮುಸ್ಲಿಂ ವಿದ್ಯಾರ್ಥಿಗಳ ಕಷ್ಟಸುಖ ಕೇಳಲು ಅವರ ಮತದವರೇ ಆದ ಸಿಬ್ಬಂದಿಯಿದ್ದಾರೆ. 2018ರಲ್ಲಿ ತೆರೆದ ಹೊಸ ಕಟ್ಟಡದಲ್ಲಿ ವಿಜ್ಞಾನ, ವಾಣಿಜ್ಯ, ಧರ್ಮ ಮೂರೂ ಒಂದೇ ಸೂರಿನಡಿ. ಅದೇ ವರ್ಷ ಅಮೆರಿಕದ ಆ ದೊಡ್ಡ ಲೂಥರನ್ ಸಭೆಗೆ ಸೇರಿದ ಕಾಲೇಜುಗಳೆಲ್ಲ ಕೂಡಿ, ನಾವು ಯಾಕೆ ಇದ್ದೇವೆ ಎಂಬುದನ್ನು ಬರೆದುಕೊಂಡವು: ನೆರೆಯವರ ಸೇವೆಗೆ ಕರೆಬಂದವರು, ಎಲ್ಲರೂ ಅರಳಲಿ ಎಂಬುದಕ್ಕಾಗಿ ಇರುವವರು. ಬೇರು ನಮ್ಮದು, ಬಾಗಿಲು ಎಲ್ಲರದು ಎಂಬುದು ಅದರ ಭಾವ. ಚಮ್ಮಾರನ ಕೆಲಸವೂ ಪಾದ್ರಿಯ ಕೆಲಸದಷ್ಟೇ ದೇವರ ಕರೆ ಎಂದು ಲೂಥರ್ ಕಲಿಸಿದ್ದ. ಕಾಯಕ ಎಂಬ ಮಾತಿನ ತೂಕ ತಿಳಿದ ನಾಡಿನ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಡುಗೆಮನೆ. ಆಗ್ಸ್‌ಬರ್ಗ್‌ನಲ್ಲಿ ‘ಕ್ಯಾಂಪಸ್ ಕಿಚನ್’ ಎಂಬುದಿದೆ. ಊಟದ ಮನೆಯಲ್ಲಿ ಬಡಿಸದೆ ಉಳಿದ ಒಳ್ಳೆಯ ಆಹಾರವನ್ನು ವಿದ್ಯಾರ್ಥಿಗಳು ಮತ್ತೆ ಅಡುಗೆಮಾಡಿ, ಸುತ್ತಲಿನ ಕೇರಿಯ ವೃದ್ಧರಿಗೆ, ಮಕ್ಕಳಿಗೆ, ಸೂರಿಲ್ಲದವರಿಗೆ ತಲುಪಿಸುತ್ತಾರೆ. ಅದನ್ನು ಕೇಳಿದಾಗ ಕೇಟೆ ಇನ್ನೂ ಬೆಳಗಿನ ಜಾವಕ್ಕೇ ಏಳುತ್ತಿದ್ದಾಳೆ ಎನ್ನಿಸಿತು.

ಇಂಡಿಯಾನಾ ರಾಜ್ಯದ ವಾಲ್ಪರೈಸೊ ವಿಶ್ವವಿದ್ಯಾಲಯವೂ ಲೂಥರನ್ನರದೇ. ಅದರ ಕಥೆಯಲ್ಲಿ ಒಂದು ತಿರುವಿದೆ. 1859ರಲ್ಲಿ ಮೆಥೊಡಿಸ್ಟರು ಸ್ಥಾಪಿಸಿದ ಆ ಸಂಸ್ಥೆ ಸಾಲದಲ್ಲಿ ಮುಳುಗಿದಾಗ, 1923ರಲ್ಲಿ ಅದನ್ನು ಕೊಳ್ಳಲು ಬಂದದ್ದು ಕು ಕ್ಲಕ್ಸ್ ಕ್ಲಾನ್, ಬಿಳಿಯರಲ್ಲದವರನ್ನು ಕೊಂದು ಹೆದರಿಸುತ್ತಿದ್ದ ಗುಂಪು. ಹಣ ಹೊಂದದೆ ಆ ವ್ಯವಹಾರ ಮುರಿಯಿತು. 1925ರಲ್ಲಿ ಲೂಥರನ್ನರ ಒಂದು ಸಂಘ ಅದನ್ನು ಕೊಂಡಿತು. ಒಂದು ಊಟದ ಮನೆ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಎಷ್ಟು ತಲೆಮಾರುಗಳ ಪಂಕ್ತಿ ನಿಂತಿರುತ್ತದೆ ನೋಡಿ. 2021ರಲ್ಲಿ ಆ ವಿಶ್ವವಿದ್ಯಾಲಯ ತನ್ನ ಆಟದ ತಂಡಗಳ ‘ಕ್ರುಸೇಡರ್’ ಎಂಬ ಹೆಸರನ್ನೂ ಬಿಟ್ಟಿತು. ದ್ವೇಷದ ಗುಂಪುಗಳು ಆ ಚಿಹ್ನೆಯನ್ನು ಬಳಸುತ್ತಿದ್ದವು. ಈಗಿನ ಹೆಸರು ‘ಬೀಕನ್ಸ್’, ದಾರಿದೀಪಗಳು.

ಅಲ್ಲಿನ ಪರೀಕ್ಷೆಯ ಪದ್ಧತಿ ನನ್ನ ಮನಸ್ಸನ್ನು ಹಿಡಿದಿದೆ. ನಕಲು ಮಾಡುವುದಿಲ್ಲ ಎಂಬ ಗೌರವ ಸಂಹಿತೆಯನ್ನು 1943ರಲ್ಲಿ ವಿದ್ಯಾರ್ಥಿಗಳೇ ಮುಂದಾಗಿ ತಂದುಕೊಂಡರು. ಉತ್ತರಪತ್ರಿಕೆಯ ಮೇಲೆ ಆ ಮಾತನ್ನು ಬರೆದು ಸಹಿ ಹಾಕಬೇಕು. ಕಾವಲಿಗೆ ಮೇಷ್ಟ್ರು ಕೊಠಡಿಯಲ್ಲಿ ನಿಲ್ಲುವುದಿಲ್ಲ. ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಬೆಂಚುಗಳ ನಡುವೆ ಓಡಾಡಿದವಳು ನಾನು. ಸ್ಕ್ವಾಡ್ ಬಂತೆಂದರೆ ತಪ್ಪು ಮಾಡದ ಮಕ್ಕಳ ಕೈಯೂ ನಡುಗುವುದನ್ನು ಕಂಡವಳು. ನಿನ್ನನ್ನು ನಂಬಿದ್ದೇನೆ ಎಂದು ಹೇಳುವ ನಿಯಮ ಮನುಷ್ಯನನ್ನು ಎಷ್ಟು ಎತ್ತರಕ್ಕೆ ನಿಲ್ಲಿಸುತ್ತದೆ!

ನಮ್ಮ ಕಡೆಯ ತಂದೆತಾಯಿಗಳಿಗೆ ಕಷ್ಟವಾಗುವ ನಿಯಮವೂ ಒಂದಿದೆ. ಅಮೆರಿಕದ 1974ರ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮಗುವಿನ ಅಂಕಪಟ್ಟಿ ಮಗುವಿನದೇ. ಅದರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಅಪ್ಪ ಅಮ್ಮನಿಗೆ ತೋರಿಸುವಂತಿಲ್ಲ. ಬೆಂಗಳೂರಿನಿಂದ ಫೋನ್ ಮಾಡಿ “ನಮ್ಮ ಹುಡುಗ ಹೇಗೆ ಓದ್ತಿದ್ದಾನೆ ಸರ್?” ಎಂದು ಕೇಳಿದ ತಂದೆಗೆ “ಅವನನ್ನೇ ಕೇಳಿ” ಎಂಬ ಉತ್ತರ ಬಂದರೆ ಎದೆ ಒಡೆದಂತಾಗುತ್ತದೆ. ಶುಲ್ಕಕ್ಕೆ ಹೊಲ ಅಡವಿಟ್ಟವರು ಅವರು. ಆ ನೋವು ಸುಳ್ಳಲ್ಲ. ಆದರೂ ಆ ನಿಯಮ ತಂದೆಯನ್ನು ಮಗನ ಹತ್ತಿರಕ್ಕೇ ಕಳಿಸುತ್ತದೆ ಎಂದು ನನಗೆ ತೋರುತ್ತದೆ. ಕಚೇರಿಯನ್ನು ಕೇಳಿದರೆ ಅಂಕ ಸಿಗುತ್ತಿತ್ತು. ಮಗನನ್ನು ಕೇಳಿದರೆ ಮಗ ಸಿಗುತ್ತಾನೆ. ಒಂದೇ ಮಾತು: ಅಂಕದಿಂದ ಶುರುಮಾಡಬೇಡಿ. “ಊಟ ಆಯ್ತಾ?” ಎಂದು ಶುರುಮಾಡಿ.

ಕೊನೆಗೆ ನನ್ನದೇ ಒಂದು ನೆನಪು. ನಾನು ವಾರ್ಡನ್ ಆಗಿದ್ದ ಹಾಸ್ಟೆಲಿನಲ್ಲಿ, ಮೆಸ್ ಬಿಲ್ ಎರಡು ತಿಂಗಳು ಬಾಕಿಯಾದರೆ ಊಟದ ಕಾರ್ಡ್ ನಿಲ್ಲಿಸಬೇಕೆಂಬ ನಿಯಮವಿತ್ತು. ಪಟ್ಟಿ ಬರುತ್ತಿತ್ತು, ನಾನು ಸಹಿ ಹಾಕುತ್ತಿದ್ದೆ. ಮಳೆ ಕೈಕೊಟ್ಟ ಒಂದು ವರ್ಷ ಆ ಪಟ್ಟಿಯಲ್ಲಿ ಒಬ್ಬ ಹುಡುಗಿಯ ಹೆಸರಿತ್ತು. ಅವಳು ಬಂದು ಕೇಳಲಿಲ್ಲ. ಗೆಳತಿಯರು ಊಟಕ್ಕೆ ಹೊರಟಾಗ ತಲೆನೋವು ಎನ್ನುತ್ತಿದ್ದಳಂತೆ. ಎಂಟನೆಯ ದಿನ ಲೈಬ್ರರಿಯ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು. ಅವಳನ್ನು ಮನೆಗೆ ಕರೆತಂದು ಗಂಜಿ ಕುಡಿಸಿ, “ಯಾಕಮ್ಮ ನನ್ನ ಹತ್ರ ಹೇಳಲಿಲ್ಲ?” ಎಂದು ಕೇಳಿದೆ. “ನೀವೇ ಸೈನ್ ಮಾಡಿದ್ರಲ್ಲ ಮೇಡಂ” ಎಂದಳು.

ಮೇಲಿನವರ ಹತ್ತಿರ ಓಡಾಡಲು ನನಗೆ ಐದು ತಿಂಗಳು ಬೇಕಾಯಿತು. ಹಾಸ್ಟೆಲಿನ ನಿಯಮಗಳ ರಿಜಿಸ್ಟರಿನಲ್ಲಿ ಒಂದು ಸಾಲು ಹೊಸದಾಗಿ ಸೇರಿತು: ಶುಲ್ಕ ಬಾಕಿಯಿದ್ದರೂ ಯಾವ ವಿದ್ಯಾರ್ಥಿನಿಯ ಊಟವನ್ನೂ ನಿಲ್ಲಿಸತಕ್ಕದ್ದಲ್ಲ. ಅಪ್ಪ ಆಗ ನನ್ನ ಜೊತೆಗೇ ಇದ್ದರು, ಕಣ್ಣು ಮಂಜಾಗಿತ್ತು. ರಿಜಿಸ್ಟರ್ ಮನೆಗೆ ತಂದು ಆ ಸಾಲನ್ನು ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಶನಿವಾರದ ಮನೆ ಇದು” ಎಂದರು.